ಎದ್ದು ಹೋಗಲಾರದ ಶಾಂತಲಿಂಗಪ್ಪ

ಶಾಂತಲಿಂಗಪ್ಪನ ಸಂಕಟಕ್ಕೆಲ್ಲ ಕಾರಣ ತೊಗರಿ ಕಾಳಿನಷ್ಟು ದೊಡ್ಡ ಒಂದು ಬಿಳಿ ಗುಳಿಗೆ.

ಮಾದನಹಿಪ್ಪರಗಾದಲ್ಲಿ ಅವನು ಬಟ್ಟೆ ಹೊಲಿಯುತ್ತಿದ್ದ. ವಯಸ್ಸು ನಲವತ್ತಾದರೂ ಒಂದು ಅಂಗಿಯನ್ನು ಒಂದೇ ಸಲ ಕೂತು ಮುಗಿಸಿದವನಲ್ಲ. ಒಂದು ತೋಳು ಹಚ್ಚುವಷ್ಟರಲ್ಲಿ ಆಳಂದದ ಬಸ್ಸಿನ ಸದ್ದು ಕೇಳಿದರೆ ನೋಡಲು ಎದ್ದು ಹೋಗುವನು. ಅಲ್ಲಿಂದ ಯಾರದೋ ಎತ್ತಿನ ಹಲ್ಲು ನೋಡಲು ಹೋಗುವನು. ತಿರುಗಿ ಬಂದು ಎರಡನೆಯ ತೋಳನ್ನು ಬೇರೊಬ್ಬರ ಅಂಗಿಗೆ ಹಚ್ಚುವನು. ಒಬ್ಬ ಮದುಮಗನ ಕೋಟಿನ ಜೇಬು ಬೆನ್ನ ಮೇಲೆ ಬಂದ ದಿನ ಹೆಂಡತಿ ಗುರುಶಾಂತಮ್ಮ ಅಳುತ್ತಲೇ ಅವನನ್ನು ಆಳಂದದ ಡಾಕ್ಟರ ಬಳಿ ಎಳೆದೊಯ್ದಳು. "ಹುಟ್ಟಿನಿಂದ ಬಂದ ಚಂಚಲ ಬುದ್ಧಿ ಇದು, ಗುಳಗಿ ಅದ" ಎಂದರು ಡಾಕ್ಟರು.

ಗುಳಿಗೆ ಕೆಲಸ ಮಾಡಿತು. ಶಾಂತಲಿಂಗಪ್ಪ ಮಷೀನಿನ ಮುಂದೆ ಗೂಟ ಬಡಿದಂತೆ ಕುಳಿತ. ತೋಳುಗಳು ಆಯಾ ಅಂಗಿಗೇ ಸೇರಿದವು. ಆದರೆ ಮೊದಲೆಲ್ಲ ಮಾತಿನ ನಡುವೆಯೇ ಎದ್ದು ಹೋಗುತ್ತಿದ್ದವನು ಈಗ ಪೂರ್ತಿ ಕೇಳುತ್ತಾನೆಂಬುದು ಎರಡೇ ದಿನದಲ್ಲಿ ನೆರೆಹೊರೆಗೆ ಗೊತ್ತಾಯಿತು. ಪಕ್ಕದ ಮನೆಯ ಅಂಬಾರಾಯ ತನ್ನ ಹೊಲದ ಬದುವಿನ ಕೋರ್ಟು ಕೇಸನ್ನು ಮೊದಲನೆಯ ವಾಯಿದೆಯಿಂದ ಹೇಳತೊಡಗಿದ. ಕೇಸಿಗೆ ಹದಿನೇಳು ವರ್ಷ. ಅವನು ಎದ್ದರೆ ಎದುರು ಮನೆಯ ಹುಸೇನಬೀ ಸೊಸೆಯ ಸುದ್ದಿ ಹಿಡಿದು ಕೂರುವಳು. ಶಾಂತಲಿಂಗಪ್ಪನಿಗೆ ಓಡಬೇಕೆನಿಸುತ್ತಿತ್ತು, ಆದರೆ ಕಾಲು ಏಳುತ್ತಿರಲಿಲ್ಲ. ಹಸಿವು ಸತ್ತಿತು, ನಿದ್ದೆ ಹಾರಿತು.

ಗುಳಿಗೆ ಬದಲಿಸಿಕೊಂಡೇ ಬರುತ್ತೇನೆಂದು ಒಂದು ಸೋಮವಾರ ಕಳ್ಳನಂತೆ ಬಸ್‌ಸ್ಟ್ಯಾಂಡಿಗೆ ಹೋದ. ಅಲ್ಲಿ ಅಂಬಾರಾಯ ಹೆಗಲಿಗೆ ಟವೆಲ್ಲು ಹಾಕಿ ನಿಂತಿದ್ದ. ಪಕ್ಕದಲ್ಲಿ ಹುಸೇನಬೀ.

"ಲೇ ಶಾಂತ್ಯಾ, ಹಿಂದ ಮುಂದ ಯಾರೂ ಇಲ್ದವನಂಗ ಒಬ್ನ ದವಾಖಾನಿಗಿ ಹೊಂಟೀಯಲ್ಲ! ನಾವೇನು ಸತ್ತೇವೇನು?"

"ಗುಳಗಿ ಬದಲಿ ಮಾಡಿಸ್ಕೊಂಡು ಬರ್ತೇನಿ ಕಾಕಾ, ನೀವ್ಯಾಕ ತ್ರಾಸ ತಗೋತೀರಿ?"

"ಬದಲಿ?" ಹುಸೇನಬೀಯ ಬಾಯಿಂದ ಎಲೆಯಡಿಕೆ ಬೀಳುವುದೊಂದು ಬಾಕಿ. "ಹಾಯ್ ಅಲ್ಲಾ! ಇಷ್ಟು ಚಲೋ ಗುಳಗೀನ?"

ಊರಿನ ಪದ್ಧತಿಯೇ ಹಾಗೆ. ರೋಗಿ ಬಾಯಿ ಮುಚ್ಚಿ ಕೂರಬೇಕು. ರೋಗದ ಕತೆ ಜೊತೆಗೆ ಬಂದವರು ಹೇಳಬೇಕು. ಇಬ್ಬರೂ ಬಸ್ಸಿನಲ್ಲಿ ಅವನ ಎಡಕ್ಕೊಬ್ಬರು ಬಲಕ್ಕೊಬ್ಬರು ಕುಳಿತರು. ಬಸ್ಸು ಆಳಂದ ಮುಟ್ಟುವಷ್ಟರಲ್ಲಿ ಕೇಸು ಹನ್ನೊಂದನೆಯ ವರ್ಷಕ್ಕೆ ಬಂದಿತ್ತು.

"ಏನು ತ್ರಾಸ?" ಎಂದರು ಡಾಕ್ಟರು.

"ಗುಳಗಿ ಬದಲಿ ಮಾಡ್ರಿ ಸಾಹೇಬ್ರ. ಹೊಟ್ಟಿ ಹಸಿಯಂಗಿಲ್ಲ..."

"ಹಸೀತದ್ರಿ!" ಅಂಬಾರಾಯ ಮುಂದೆ ಬಂದ. "ನಿನ್ನಿ ನನ್ನ ಮುಂದ ಎರಡು ರೊಟ್ಟಿ ತಿಂದಾನ."

"ಅರ್ಧ ರೊಟ್ಟೀರಿ, ಅದೂ ಮೊನ್ನಿ."

"ನಿದ್ದಿ?"

"ಬರಂಗಿಲ್ರಿ."

"ಸುಳ್ಳ್ರೀ ಸಾಬ್! ಅಂಬಾರಾಯ ಮಾತಾಡೂ ಮುಂದ ಇಂವಾ ತೂಕಡಸ್ತಾನ" ಎಂದಳು ಹುಸೇನಬೀ.

ಅಂಬಾರಾಯನ ಮೀಸೆ ನಿಮಿರಿತು. "ನಂದು ಹ್ಞೂಂ ಹ್ಞೂಂ ಅಂತ ಕೇಳ್ತಾನ. ನಿನ್ನ ಸೊಸಿ ಸುದ್ದಿಗೇ ಅಂವಗ ಕಣ್ಣು ಮುಚ್ತಾವ!"

"ಮುಚ್ಚಲಿ! ಕಣ್ಣು ಮುಚ್ಚಿದ್ರೂ ಕಿವಿ ತೆರದಿರ್ತಾವ!"

ಜಗಳ ಏರಿತು. ಡಾಕ್ಟರು ಇಬ್ಬರನ್ನೂ ಹೊರಗೆ ಕಳಿಸಿದರು.

ಶಾಂತಲಿಂಗಪ್ಪ ಕೈಮುಗಿದ. "ಖರೇ ಹೇಳ್ತೇನ್ರಿ. ಗುಳಗಿ ಕೈಗಿ ಚಲೋ ಅದ, ಕಿವಿ ಸಾಯಾಕತ್ತಾವ. ಯಾರು ಏನು ಹೇಳಿದ್ರೂ ಮುಗಿಯೂತನಾ ಏಳಾಕ ಬರವಲ್ದು. ಎದ್ದು ಹೋಗೂವಂಥ ಗುಳಗಿ ಇದ್ರ ಕೊಡ್ರಿ."

"ಅದಾವಪಾ, ಬ್ಯಾರೆ ನಮೂನಿ ಅದಾವ. ಬರಕೊಡ್ತೇನಿ."

ಶಾಂತಲಿಂಗಪ್ಪನ ಕಣ್ಣಲ್ಲಿ ನೀರು ಬಂತು. ಡಾಕ್ಟರು ಚೀಟಿಯ ಮೇಲೆ ಪೆನ್ನು ಊರಿದರು. ಪೆನ್ನು ಅಲ್ಲೇ ನಿಂತಿತು.

"ಮುಗಿಯೂತನಾ ಕೇಳ್ತೀ?"

"ಹೌದ್ರಿ."

"ನಡುವ ಎದ್ದು ಹೋಗಂಗಿಲ್ಲ?"

"ಇಲ್ರಿ."

ಡಾಕ್ಟರು ಎದ್ದು ಬಾಗಿಲ ಚಿಲಕ ಹಾಕಿದರು. ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು. "ಇಪ್ಪತ್ತು ವರ್ಷದಿಂದ ಮಂದೀ ತ್ರಾಸ ನಾ ಕೇಳಾಕತ್ತೇನಿ, ನಂದು ಒಬ್ರೂ ಕೇಳಿಲ್ಲ. ನಮ್ಮ ಮಾವ ಎಂಟು ದಿನ ಇದ್ದು ಹೋಗ್ತೇನಂತ ಬಂದಾನಪಾ. ಒಂಬತ್ತು ವರ್ಷ ಆತು, ಹೋಗವಲ್ಲ. ಅಂವಾ ಬಸ್ ಹತ್ತಿದಲ್ಲಿಂದ ಹೇಳ್ತೇನಿ, ಕೇಳು..."

ಶಾಂತಲಿಂಗಪ್ಪ ಹೊರಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಕೈಯಲ್ಲಿದ್ದ ಚೀಟಿಯಲ್ಲಿ ಅದೇ ಗುಳಿಗೆ. ಬೆಳಗಿನ ಒಂದರ ಜೊತೆಗೆ ಮಧ್ಯಾಹ್ನಕ್ಕೂ ಒಂದು ಸೇರಿತ್ತು. ಕೆಳಗೆ, ಪ್ರತಿ ಸೋಮವಾರ ತಪ್ಪದೆ ಬರಬೇಕೆಂದು ಬರೆದು ಎರಡು ಗೆರೆ ಎಳೆದಿದ್ದರು.

ಕತೆಯಲ್ಲಿ ಮಾವ ಇನ್ನೂ ಬಸ್ಸಿನಿಂದ ಇಳಿದಿರಲಿಲ್ಲ.