ಡೇಂಜರ್ ಮೈದುನನೂ ನನ್ನ ದೀಪದ ಸರಪಳಿಯೂ

ನನ್ನ ಮೈದುನನ ಹೆಸರು ಕೇಳಿದರೆ ಬಾಂದ್ರಾದಿಂದ ಬೊರಿವಲಿಯವರೆಗಿನ ಗೂಂಡಾಗಳೆಲ್ಲ ಗಡಗಡ ನಡುಗುತ್ತಿದ್ದರಂತೆ! ಹೀಗೆಂದು ನಾನು ಹೇಳುತ್ತಿಲ್ಲ ಮತ್ತೆ, ಅವನೇ ಮೈಕಿನಲ್ಲಿ ಹೇಳುತ್ತಿದ್ದ. ನನಗೆ ಗೊತ್ತಿದ್ದ ಮೈದುನ ಬೇರೆ. ಮೋರಿಯಲ್ಲಿ ಜಿರಳೆ ಕಂಡರೆ ಒಂದು ಕಾಲು ಎತ್ತಿಕೊಂಡು ನಿಂತು, "ಅತ್ತಿಗೆ, ಸ್ವಲ್ಪ ಬನ್ನಿ" ಎಂದು ಮೆಲ್ಲಗೆ ಕರೆಯುತ್ತಿದ್ದ. ಪೊರಕೆ ಹಿಡಿದು ಹೋಗುತ್ತಿದ್ದವಳು ನಾನು. ಹಾಗೆ ನೋಡಿದರೆ ಸ್ಟೇಜು ಹತ್ತಬೇಕಾದವರು ಯಾರು, ನೀವೇ ಹೇಳಿ!

ತೊಂಬತ್ತರ ಆಸುಪಾಸಿನ ಮಾತು. ಮುಂಬಯಿಯ ಅಂಧೇರಿಯಲ್ಲಿ, ಚಾಳಿನ ಒಂದೇ ಕೋಣೆಯಲ್ಲಿ ನಮ್ಮವರು, ನಾನು, ಈ ಮೈದುನ. ಅವನು ಸ್ಟೇಶನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್. ಗಿರಾಕಿ ಕೂತು "ಕ್ಯಾ ಹೈ?" ಎಂದು ಬಾಯಿ ಮುಚ್ಚುವುದರೊಳಗೆ ಇವನ ಪಟ್ಟಿ ಶುರು. ಇಡ್ಲಿ, ಮೆದುವಡಾ, ಇಡ್ಲಿ-ವಡಾ ಮಿಕ್ಸ್, ಸಾದಾ, ಮಸಾಲಾ, ಮೈಸೂರ್ ಮಸಾಲಾ, ಉಪ್ಮಾ, ಶಿರಾ, ಚಾಯ್, ಕಾಫಿ! ಎಲ್ಲ ಒಂದೇ ಉಸಿರಿಗೆ, ಟೇಬಲ್ ಮೇಲೆ ಎರಡು ಬೆರಳಲ್ಲಿ ತಾಳ ಬೇರೆ. ಎಷ್ಟೋ ಜನ ತಮಗೇನು ಬೇಕೆಂಬುದನ್ನೇ ಮರೆತು "ಇನ್ನೊಮ್ಮೆ ಹೇಳು" ಎನ್ನುತ್ತಿದ್ದರು.

ಹೀಗೆ ಇನ್ನೊಮ್ಮೆ ಹೇಳಿಸಿದವರಲ್ಲಿ ಒಬ್ಬ ಆರ್ಕೆಸ್ಟ್ರಾದ ಮಾಸ್ಟರ್. ವಿದೇಶದ ಕ್ಯಾಸೆಟ್ಟುಗಳಲ್ಲಿ ಬರುವ ರ‍್ಯಾಪ್ ಎಂದರೆ ಇದೇ, ಮಾತು ಬದಲಾಯಿಸಿದರೆ ಆಯಿತು ಎಂದನಂತೆ. ಶಿರಾ ಉಪ್ಮಾ ಹೋಗಿ ಕಾರು, ಚಾಕು, ಹಿಂದೆ ಬೀಳುವ ನೂರು ಹುಡುಗಿಯರು ಬಂದರು. ತಾಳ ಮಾತ್ರ ಅದೇ. ಹೋಟೆಲಿನ ಸುದ್ದಿ ಯಾರಿಗೂ ಹೇಳಬೇಡ, ತಿಂಡಿ ತಂದಿಟ್ಟವನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ ಎಂದು ಮಾಸ್ಟರ್ ತಾಕೀತು ಮಾಡಿದ್ದ. ನಮ್ಮ ಕುಂದಾಪುರದ ಕಡೆಯ ಪಾಪದ ಹುಡುಗ "ಬಾಂದ್ರಾ ಕಾ ಡೇಂಜರ್" ಆದದ್ದು ಹೀಗೆ.

ಡೇಂಜರಿಗೆ ಕೊರಳಿಗೊಂದು ಚಿನ್ನದ ಸರಪಳಿ ಬೇಕಲ್ಲ? ನನ್ನ ತವರಿನಿಂದ ಬಂದ ತೂಗುದೀಪದ ಹಿತ್ತಾಳೆ ಸರಪಳಿಯ ಮೇಲೆ ಕಣ್ಣು ಬಿತ್ತು ನೋಡಿ! ಪ್ರೋಗ್ರಾಮ್ ಇದ್ದ ದಿನವೆಲ್ಲ ದೇವರ ದೀಪ ನೆಲದ ಮೇಲೆ. ಅಂಧೇರಿ ನಡುಗಿಸುವವನ ಎದೆಯಿಂದ ಎಳ್ಳೆಣ್ಣೆಯ ವಾಸನೆ. ಕಪ್ಪು ಕನ್ನಡಕದಲ್ಲಿ ಮೆಟ್ಟಿಲು ಕಾಣದೆ ಎರಡು ಸಲ ಮುಗ್ಗರಿಸಿದ. ಜನ ಅದನ್ನೂ ಸ್ಟೈಲ್ ಎಂದುಕೊಂಡು ಸೀಟಿ ಹೊಡೆದರು.

ಆ ಆರ್ಕೆಸ್ಟ್ರಾದಲ್ಲಿ ಹಾಡಲು ಒಬ್ಬಳು ಮರಾಠಿ ಹುಡುಗಿ ಬರುತ್ತಿದ್ದಳು. ಹಗಲು ಆಫೀಸಿನಲ್ಲಿ ಟೈಪಿಸ್ಟ್, ತುಂಬ ಮರ್ಯಾದಸ್ಥೆ. ಒಂದು ಸಂಜೆ ನಾನು ಹುರುಳಿ ಆರಿಸುತ್ತಿದ್ದಾಗ ಮೈದುನ ಪಕ್ಕ ಬಂದು ಕೂತ. ಮರಾಠಿಯಲ್ಲಿ "ಊಟ ಆಯಿತಾ" ಎನ್ನಲು ಹೇಗೆ ಎಂದು ಕೇಳಿದ. "ಜೇವಣ್ ಝಾಲಂ ಕಾ" ಎಂದು ಕಲಿಸಿದೆ. ಅವನು ಅದನ್ನು ಬಾಯಿಪಾಠ ಮಾಡಿದ, ಹಲ್ಲುಜ್ಜುವಾಗಲೂ ಹೇಳಿಕೊಂಡ. ನೂರು ಹುಡುಗಿಯರನ್ನು ಹಿಂದೆ ಹಾಕಿಕೊಂಡು ಓಡಾಡುವವನು ಎಂಟು ತಿಂಗಳು ಪಕ್ಕದಲ್ಲೇ ನಿಂತರೂ ಆ ಒಬ್ಬಳನ್ನು ಊಟ ಆಯಿತಾ ಎಂದು ಕೇಳಲಿಲ್ಲ!

ಒಂದು ಭಾನುವಾರ ಅವಳು ತಾಯಿಯ ಜೊತೆ ನೇರ ಹೋಟೆಲಿಗೇ ಬರಬೇಕೇ? ಬಾಗಿಲ ಪಕ್ಕದ ಟೇಬಲ್, ಇವನದೇ ಪಾಳಿ. ಕನ್ನಡಕವಿಲ್ಲ, ಸರಪಳಿಯಿಲ್ಲ, ಹೆಗಲ ಮೇಲೆ ಒದ್ದೆ ಬಟ್ಟೆ. ತಾಯಿ "ಕ್ಯಾ ಹೈ?" ಎಂದರು. ಪಟ್ಟಿ ಹೇಳಿದರೆ ಗುಟ್ಟು ರಟ್ಟು! ಬೆರಳು ಮುಷ್ಟಿಯಲ್ಲಿಟ್ಟುಕೊಂಡು "ಇಡ್ಲಿ... ಮತ್ತೆ... ವಡಾ..." ಎಂದು ತಡವರಿಸಿದ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಧಣಿ, ಎಂಥ ಮಾರಾಯ ಹುಷಾರಿಲ್ವಾ ಎಂದು ಕೇಳಿದರಂತೆ. ತಾಯಿ ಹೊಸಬನಿರಬೇಕು ಪಾಪ ಎಂದರಂತೆ. ಅವಳಿಗೆ ಗುರುತು ಸಿಗಲಿಲ್ಲ ಎಂದು ಇವನು ಮನೆಗೆ ಬಂದು ಎದೆ ನೀವಿಕೊಂಡ. ಆಮೇಲೆ ಅದಕ್ಕೇ ಮುಖ ಸಣ್ಣದು ಮಾಡಿಕೊಂಡು ಕೂತ.

ಮರುವಾರ ನಮ್ಮ ಗಲ್ಲಿಯ ಗಣಪತಿ ಪೆಂಡಾಲಿನಲ್ಲಿ ಪ್ರೋಗ್ರಾಮ್. ಅವಳು ತನ್ನ ಹಾಡಿನ ಸರದಿಗೆ ಕಾಯುತ್ತ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಸ್ಟೇಜಿನ ಮೇಲೆ ಡೇಂಜರ್ ಯಾರನ್ನೋ ಹೆದರಿಸುತ್ತಿದ್ದ, ಎರಡು ಬೆರಳಲ್ಲಿ ಮೈಕಿನ ಕಂಬಕ್ಕೆ ತಾಳ ಹಾಕುತ್ತಿದ್ದ. ನಾನು ಅವನ ಅತ್ತಿಗೆ ಎಂದು ಅವಳಿಗೆ ಯಾರು ಹೇಳಿದರೋ. ಅವಳು ಆ ಹೋಟೆಲಿಗೆ ಹಿಂದೊಮ್ಮೆ ಬಂದಿದ್ದಳಂತೆ, ದೂರದ ಟೇಬಲಿನಿಂದ ಅವನ ಪಟ್ಟಿ ಕೇಳಿದ್ದಳಂತೆ. ಮೊದಲ ಪ್ರೋಗ್ರಾಮಿನಲ್ಲೇ ಆ ತಾಳದಿಂದ ಇವನೇ ಅವನು ಎಂದು ಗೊತ್ತಾಯಿತಂತೆ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ, ಅದಕ್ಕೇ ಆಯಿಯನ್ನು ಕರೆದುಕೊಂಡು ಹೋಗಿದ್ದೆ ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು.

"ಬರುವ ಭಾನುವಾರ ಆಯಿಯನ್ನು ಮತ್ತೆ ಕರೆದುಕೊಂಡು ಬರುತ್ತೇನೆ ಭಾಭಿ. ಯಾವಾಗಲೂ ಹೇಳುವ ಹಾಗೇ ಹೇಳಲಿಕ್ಕೆ ಹೇಳಿ. ಡೇಂಜರ್ ಬೇಡ."

ನಾನು ಅಂದೇ ಮೈದುನನಿಗೆ ಅಕ್ಷರ ಬಿಡದೆ ಒಪ್ಪಿಸಿದೆ. ಯೂನಿಫಾರ್ಮಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದವಳೂ ನಾನೇ. ಭಾನುವಾರ ಈ ಮಹಾನುಭಾವ ಏನು ಮಾಡಿದ ಗೊತ್ತೇ? ಇನ್ನೊಬ್ಬನಿಗೆ ಟೇಬಲ್ ಬಿಟ್ಟುಕೊಟ್ಟು ಒಳಗೆ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ ಕೂತ! ತಿಂಡಿ ಕೊಡುವ ಕಿಂಡಿಯಿಂದ ನೋಡಿದನಂತೆ. ಅವಳು ಆ ಸಪ್ಲೈಯರ್ ಹತ್ತಿರ ಮೂರು ಸಲ ಪಟ್ಟಿ ಹೇಳಿಸಿದಳಂತೆ, ಪ್ರತಿ ಸಲವೂ ಕಿಂಡಿಯ ಕಡೆ ನೋಡಿದಳಂತೆ. ಆಮೇಲೆ ಒಂದು ಚಾ ಕುಡಿದು ತಾಯಿಯ ಜೊತೆ ಎದ್ದು ಹೋದಳು.

ಬಾಯಿಗೆ ಬಂದ ಹಾಗೆ ಬೈದೆ. ಎಲ್ಲ ಕೇಳಿಸಿಕೊಂಡು ಅವನು ಹೇಳಿದ್ದು ಇಷ್ಟೇ.

"ಅವಳ ತಾಯಿ ಬೇಡ ಅಂದುಬಿಟ್ಟಿದ್ದರೆ, ಅತ್ತಿಗೆ? ಈಗಾದರೆ ಅವರು ಬೇಡ ಅಂದಿಲ್ಲ."

ಬೈಯುವುದು ಬಿಟ್ಟು ಅವನಿಗೆ ಊಟ ಬಡಿಸಿದೆ.

ದೀಪಾವಳಿಯೊಳಗೆ ಅವಳಿಗೆ ನಾಗಪುರದ ಕಡೆ ಮದುವೆ ಗೊತ್ತಾಗಿ ಆರ್ಕೆಸ್ಟ್ರಾ ಬಿಟ್ಟಳು. ಮೈದುನ ಸರಪಳಿಯನ್ನು ಹುಣಸೆಹುಳಿ ಹಾಕಿ ಉಜ್ಜಿ, ತಾನೇ ಸ್ಟೂಲು ಹತ್ತಿ ದೀಪ ತೂಗುಹಾಕಿದ. ಅದನ್ನು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ, ದೇವರಾಣೆ. ವಾರದ ರಜೆ ಎಂದೂ ಭಾನುವಾರ ಬೀಳದ ಹಾಗೆ ಬುಧವಾರಕ್ಕೆ ಗಟ್ಟಿ ಮಾಡಿಕೊಂಡ. ಬಾಗಿಲ ಪಕ್ಕದ ಟೇಬಲನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲವಂತೆ.

ಒಂದು ಭಾನುವಾರ ತಡೆಯಲಾರದೆ ಹೋಟೆಲಿಗೆ ಹೋಗಿ ಅದೇ ಟೇಬಲಿನಲ್ಲಿ ಕೂತೆ. ಅವನು ಬಟ್ಟೆ ಹಿಡಿದು ಓಡಿ ಬಂದ. ಎಂಥ ಅತ್ತಿಗೆ, ನೀವು ಇಲ್ಲಿ ಎಂದು ಗಾಬರಿಯಾದ. ನಾನು ಗುರುತು ಪರಿಚಯವೇ ಇಲ್ಲದವಳ ಹಾಗೆ "ಕ್ಯಾ ಹೈ?" ಎಂದೆ.

ಅವನ ಎರಡು ಬೆರಳು ಟೇಬಲಿಗೆ ಬಂದವು. ಇಡ್ಲಿ, ಮೆದುವಡಾ, ಇಡ್ಲಿ-ವಡಾ ಮಿಕ್ಸ್, ಸಾದಾ, ಮಸಾಲಾ. ಎಲ್ಲೂ ತಡವರಿಸಲಿಲ್ಲ. ಕಣ್ಣು ನನ್ನ ಮೇಲಿರಲಿಲ್ಲ, ಬಾಗಿಲ ಮೇಲಿತ್ತು. ಉಪ್ಮಾ, ಶಿರಾ, ಚಾಯ್, ಕಾಫಿ ಎಂದು ಮುಗಿಸಿದವನು ಅದೇ ತಾಳದಲ್ಲಿ, ಅದೇ ಉಸಿರಿನಲ್ಲಿ, "ಜೇವಣ್ ಝಾಲಂ ಕಾ" ಎಂದುಬಿಟ್ಟ.

ತಾನೇನು ಹೇಳಿದೆ ಎಂದು ಗೊತ್ತಾಗಿ, ಆಗಲೇ ಒರೆಸಿದ್ದ ಟೇಬಲನ್ನು ತಲೆ ತಗ್ಗಿಸಿ ಮತ್ತೆ ಒರೆಸತೊಡಗಿದ.

"ಇಲ್ಲ, ಇನ್ನೂ ಆಗಿಲ್ಲ" ಎಂದೆ, ಅವಳ ಪರವಾಗಿ.