ಅರಿಶಿಣ ಹಾಕಿದ ಕೊಡ

ರುಕ್ಮಣಿಯ ಅಡುಗೆಮನೆಯ ಅರಿಶಿಣದ ಡಬ್ಬಿ ಒಂದೇ ತಿಂಗಳಲ್ಲಿ ಮೂರನೆಯ ಸಲ ಬರಿದಾಗಿತ್ತು. ಇಲಿಗಳು ಅರಿಶಿಣ ತಿನ್ನುವುದಿಲ್ಲವೆಂದು ಅವಳಿಗೆ ಗೊತ್ತು. ನೇರವಾಗಿ ಹಿತ್ತಲಿನ ಶೆಡ್ಡಿಗೆ ನಡೆದಳು. ಅಲ್ಲಿ ಅವಳ ಗಂಡ ಲಿಂಗಪ್ಪನ್, ಕರಗಿದ ಪ್ಲಾಸ್ಟಿಕ್ಕಿಗೆ ಹುಳಿಗೆ ಹಾಕುವಂತೆ ಅರಿಶಿಣ ಉದುರಿಸುತ್ತಿದ್ದ.

ಮೆಟ್ಟುಪಾಳ್ಯದ ಆ ನೇಕಾರರ ಬೀದಿಯಲ್ಲಿ ಮಗ್ಗ ಬಿಟ್ಟು ಪ್ಲಾಸ್ಟಿಕ್ ಹಿಡಿದವನು ಅವನೊಬ್ಬನೇ. ಒಡೆದ ಕೊಡಗಳನ್ನು ತಂದು, ಕರಗಿಸಿ, ಅಚ್ಚಿಗೊತ್ತಿ ಹೊಸ ಕೊಡ ಮಾಡುತ್ತಿದ್ದ. ಎರಡು ಸಲ ಕರಗಿಸಿದರೂ ಗಟ್ಟಿಯಾಗಿಯೇ ಇರುತ್ತಿತ್ತು. ನಾಲ್ಕನೆಯ ಸಲಕ್ಕೆ ಕೊಡ ಹಪ್ಪಳವಾಗುತ್ತಿತ್ತು. ಬಾವಿಕಟ್ಟೆಗೆ ತಾಗಿದರೆ ಮುಗಿಯಿತು.

"ಬೋಂಡಾ ಕರಿದ ಎಣ್ಣೆ ತಿರುಗಾ ತಿರುಗಾ ಕಾದ್ರೆ ಕೆಡುತ್ತಲ್ಲ, ಇದೂ ಹಾಗೇನೇ," ಎಂದ ಲಿಂಗಪ್ಪನ್. "ಅರಿಶಿಣ ಬಿದ್ದ ಎಣ್ಣೆ ಬೇಗ ಕೆಡಲ್ಲ. ಅದಕ್ಕೇ ಹಾಕಿ ನೋಡ್ತಿದ್ದೀನಿ."

ರುಕ್ಮಣಿ ಇದನ್ನು ಗೋಡೆಯಾಚೆಯ ನಾಚಿಯಮ್ಮನಿಗೆ ಹೇಳಿ ಅತ್ತಳು. ಅಳು ಮುಗಿಯುವಷ್ಟರಲ್ಲಿ ಬೀದಿಯೇ ಶೆಡ್ಡಿನಲ್ಲಿತ್ತು. ಇದು ಮಾಟವೇ ಎಂದು ನಾಚಿಯಮ್ಮ ಅವನಿಗೆ ನಿಂಬೆಹಣ್ಣು ನಿವಾಳಿಸಿದಳು. ಕಾಂಪೌಂಡರ್ ಶಣ್ಮುಗಂ ನಾಡಿ ಹಿಡಿದು, ತಲೆಗೆ ಹೊಗೆ ಏರಿದೆಯೆಂದ. ಇವತ್ತೇ ಆನೈಮಲೈಯ ಮಾಸಾಣಿ ಅಮ್ಮನ ಸನ್ನಿಧಿಗೆ ಕರೆದೊಯ್ಯಬೇಕೆಂದು ನಾಲ್ವರು ಅವನ ತೋಳು ಹಿಡಿದರು.

ತಪ್ಪಿಸಿಕೊಳ್ಳಲು ಬೇರೆ ದಾರಿ ಕಾಣದೆ ಲಿಂಗಪ್ಪನ್, ಐದು ಸಲ ಕರಗಿಸಿ ಅರಿಶಿಣ ಹಾಕಿ ಮಾಡಿದ ಕೊಡವನ್ನೆತ್ತಿ ಚಪ್ಪಡಿ ಕಲ್ಲಿಗೆ ಅಪ್ಪಳಿಸಿದ. ಅದು ಒಡೆಯಲಿಲ್ಲ. ಪುಟಿದು ಶಣ್ಮುಗಂನ ಮೊಣಕಾಲಿಗೆ ಬಡಿಯಿತು.

ಶಣ್ಮುಗಂ ಸಿಟ್ಟಿನಿಂದ ಅದನ್ನು ಒದ್ದ. ಕೊಡ ಹಾಗೇ ಇತ್ತು, ಅವನು ಕುಂಟಿದ. ನಾಚಿಯಮ್ಮ ಹಗ್ಗ ಕಟ್ಟಿ ಬಾವಿಗೆ ಎಸೆದು ಮೇಲಕ್ಕೆಳೆದಳು, ಬಿರುಕೂ ಇರಲಿಲ್ಲ. ಕೊನೆಗೆ ಯಾರೋ ಅದರ ಮೇಲೆ ಎತ್ತಿನ ಗಾಡಿಯನ್ನೇ ಹತ್ತಿಸಿದರು. ಕೊಡ ದೋಸೆಯಂತೆ ಚಪ್ಪಟೆಯಾಗಿ, ಚಕ್ರ ದಾಟಿದ ಮೇಲೆ ನಿಧಾನವಾಗಿ ಉಬ್ಬಿಕೊಂಡಿತು. ರುಕ್ಮಣಿ ಕಣ್ಣೊರೆಸಿಕೊಂಡು ಗಂಡನನ್ನು ಹೊಸದಾಗಿ ನೋಡುವಂತೆ ನೋಡಿದಳು.

ಮಧ್ಯಾಹ್ನದ ಬಸ್ಸಿಗೆ ತಿರುಪ್ಪೂರಿನ ಪಳನಿಸಾಮಿ ಬಂದ. ಲಿಂಗಪ್ಪನ್ ಮಾಡಿದ ಕೊಡಗಳನ್ನೆಲ್ಲ ಮಾರುವ ಅಂಗಡಿ ಅವನದು. ಬೀದಿಯವರೇ ಮುಂದೆ ಬಿದ್ದು ನಡೆದದ್ದನ್ನೆಲ್ಲ ಹೇಳಿದರು. ಅವನು ಚಪ್ಪಲಿ ಬಿಟ್ಟು, ತನ್ನ ದೊಡ್ಡ ದೇಹವನ್ನು ಹೊತ್ತು ಕೊಡದ ಮೇಲೆ ಹತ್ತಿ ನಿಂತ. ಇಳಿದು ಬಂದು ಲಿಂಗಪ್ಪನ್‌ನ ಎರಡೂ ಕೈ ಹಿಡಿದುಕೊಂಡ.

"ಇಪ್ಪತ್ತು ವರ್ಷದಿಂದ ಕೊಡ ಮಾರ್ತಿದ್ದೀನಿ ಲಿಂಗಪ್ಪಾ. ಇಂಥದ್ದು ನೋಡಿಲ್ಲ. ನೀನು ದೊಡ್ಡ ಕಸುಬುದಾರ."

ಲಿಂಗಪ್ಪನ್, ಎಷ್ಟು ಬೇಕೆಂದು ಮೆಲ್ಲನೆ ಕೇಳಿದ.

"ಒಂದು ಪೋದುಂ, ಒಂದೇ ಸಾಕು," ಎಂದು ಪಳನಿಸಾಮಿ ಆ ಕೊಡವನ್ನೇ ಕಂಕುಳಿಗೆ ಸೇರಿಸಿಕೊಂಡ. "ಇದು ನಮ್ಮ ಮನೆಗೆ. ಅಂಗಡಿಗೆ ಹಳೇ ಥರದ್ದೇ ಇನ್ನೂರು ಮಾಡಪ್ಪಾ. ಒಡೀದೇ ಇದ್ರೆ, ಕೊಂಡೋರು ತಿರುಗಾ ಯಾಕೆ ಬರ್ತಾರೆ?"