ಸದ್ದೇ ಇಲ್ಲದ ಶಕ್ತಿಯ ಮೇಲೆ ಒಂದು ತಕರಾರು

ಅಲ್ಟ್ರಾಸಾನಿಕ್ ಯಂತ್ರ ತಯಾರಿಸುವ ಕಂಪನಿಯ ಹಿರಿಯ ಎಂಜಿನಿಯರರಿಗೆ,

ಮಾನ್ಯರೇ,

ಬೈಲಹೊಂಗಲದ ಡೀಸೆಲ್ ಪಂಪ್ ರಿಪೇರಿ ಅಂಗಡಿಯ ಹಿನಾಕೌಸರ ಮಾಡುವ ಸಲಾಮುಗಳನ್ನು ತಾವೂ ತಮ್ಮ ಟ್ರಾನ್ಸ್‌ಡ್ಯೂಸರುಗಳೂ ಜಗಳವಾಡದೆ ಸಮನಾಗಿ ಹಂಚಿಕೊಳ್ಳಬೇಕೆಂದು ವಿನಂತಿ.

ಟ್ರ್ಯಾಕ್ಟರಿನ ಎಂಜಿನ್ನಿಗೆ ಡೀಸೆಲ್ ಚಿಮ್ಮುವ ನಾಜಲ್ ತೊಳೆಯುವ ತಮ್ಮ ಹಳೆಯ ಯಂತ್ರವನ್ನು ನಾನು ಧಾರವಾಡದಲ್ಲಿ ಕಂಡಿದ್ದೆ. ಅದು ಕಿರುಚುವುದಕ್ಕೆ ಎದುರಿಗಿದ್ದವರ ಹಲ್ಲು ಜುಮ್ಮೆನ್ನುತ್ತಿತ್ತು, ನಾಜಲ್ಲಿನ ಕೂದಲೆಳೆಯಂಥ ರಂಧ್ರಗಳಲ್ಲಿ ಮಾತ್ರ ಮಸಿ ಹಾಗೇ ಉಳಿಯುತ್ತಿತ್ತು. ತಾವು ಕಂಪನವನ್ನು ಕಿವಿಗೆ ನಿಲುಕದಷ್ಟು ಮೇಲೇರಿಸಿದಿರಿ. ಮೇಲೇರಿದಂತೆ ಬಲ ಕುಂದುವ ತೊಡಕನ್ನೂ ಬಿಡಿಸಿ, ತೊಟ್ಟಿಯ ತಳದಲ್ಲಿ ಕರೆಂಟನ್ನು ನಡುಕವಾಗಿಸುವ ಟ್ರಾನ್ಸ್‌ಡ್ಯೂಸರುಗಳ ಶಕ್ತಿಯನ್ನು ಮೂರು ಪಟ್ಟು ಹೆಚ್ಚಿಸಿದಿರಿ. ಈಗ ಎಂಥ ಕೊಳಕು ನಾಜಲ್ಲೂ ಹೊಸದರಂತೆ ಹೊರಬರುತ್ತದೆ. ಇಷ್ಟು ದೊಡ್ಡ ಅನ್ಯಾಯವನ್ನು ನಮಗೆ ಇದುವರೆಗೆ ಯಾರೂ ಮಾಡಿರಲಿಲ್ಲ.

ಏಕೆಂದರೆ ಯಂತ್ರ ದುಡಿಯುತ್ತಿದೆಯೆಂದು ನಮ್ಮ ಕಡೆಯವರು ತಿಳಿಯುವುದು ಕಿವಿಯಿಂದ. ಗಿರಣಿಯೆಂದರೆ ಹಿಂದಿನ ಓಣಿಗೂ ಕೇಳಬೇಕು. ಸವದತ್ತಿಯಿಂದ ಬಂದ ನಮ್ಮ ಹಳೆಯ ಗಿರಾಕಿ ದುಂಡಪ್ಪನವರು ನಾವು ಅಂಗಡಿಗೆ ತಂದ ತಮ್ಮ ಹೊಸ ಯಂತ್ರಕ್ಕೆ ಬಹಳ ಹೊತ್ತು ಕಿವಿಗೊಟ್ಟು ನಿಂತು, ಕೊನೆಗೆ ಬಲು ಮರುಕದಿಂದ, "ಕರೆಂಟ್ ಹೋಗೇತಿ ತಂಗಿ, ಬಂದಮ್ಯಾಲ ಬರತೇನಿ" ಎಂದು ನಾಜಲ್‌ಗಳನ್ನು ಎತ್ತಿಕೊಂಡು, ತಂತಿಬ್ರಷ್ಷಿನಿಂದ ಗರಗರ ತಿಕ್ಕುವ ಎದುರಿನ ಅಂಗಡಿಗೆ ನಡೆದರು. ಆಗ ಅವರ ನೆತ್ತಿಯ ಮೇಲೆ ಫ್ಯಾನು ತಿರುಗುತ್ತಿತ್ತು. ಮರುದಿನದಿಂದ ಕಿತ್ತೂರು, ರಾಮದುರ್ಗದವರೂ ಅವರ ದಾರಿ ಹಿಡಿದರು.

ಈ ಯಂತ್ರ ಬಂದದ್ದು ನನ್ನ ಹಟದಿಂದ. ನಮ್ಮ ಅಬ್ಬಾ ಖಾಸಿಮಸಾಬರು ಬೈಯಲಿಲ್ಲ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಳೆಯ ಬ್ರಷ್ಷುಗಳನ್ನು ಸುಮ್ಮನೆ ಡೀಸೆಲ್ಲಿನಲ್ಲಿ ನೆನೆಹಾಕಿ, ಬಿತ್ತನೆ ಮುಗಿಯುವುದರೊಳಗೆ ಗಿರಾಕಿಗಳು ತಿರುಗಿ ಬರದಿದ್ದರೆ ಇದನ್ನು ಮಾರಿಬಿಡೋಣ ಎಂದರು. ನನಗೆ ಅಳು ಬಂತು.

ಆದ್ದರಿಂದ ತಾವು ಶಕ್ತಿಯನ್ನು ಗೋಡೆಯ ಸುಣ್ಣ ಉದುರುವಷ್ಟು ಹೆಚ್ಚಿಸಿ, ತೊಟ್ಟಿಗೊಂದು ಹೊಗೆಕೊಳವೆಯನ್ನು ಜೋಡಿಸಿ, ನಡುನಡುವೆ ಕೆಮ್ಮಿ ನಿಂತು ಒದ್ದರೆ ಮತ್ತೆ ಶುರುವಾಗುವ ಸದ್ಗುಣವನ್ನೂ ಯಂತ್ರಕ್ಕೆ ದಯಪಾಲಿಸಬೇಕು. ಅಲ್ಲಿಯವರೆಗೆ, ಬೇರಿಂಗ್ ಹೋದ ಮೋಟರೊಂದನ್ನು ಅದರ ಹಿಂದಿಟ್ಟು ಖಾಲಿ ತಿರುಗಿಸುತ್ತಿದ್ದೇನೆ. ಓಣಿಯೆಲ್ಲ ಗಡಗಡ ಎನ್ನುತ್ತದೆ. ದುಂಡಪ್ಪನವರು ತಿರುಗಿ ಬಂದು, "ಈಗ ನೋಡು, ಮಷೀನ್ ಅಂದ್ರ ಹಿಂಗಿರಬೇಕು" ಎಂದು ನಾಜಲ್‌ಗಳನ್ನು ಕೊಟ್ಟುಹೋದರು. ಅಬ್ಬಾ ಇನ್ನೂ ಬ್ರಷ್ಷುಗಳನ್ನು ಎತ್ತಿಟ್ಟಿಲ್ಲ. ಇಷ್ಟು ಸದ್ದು ಸಾಕೇ ಎಂಬುದನ್ನು ಯಂತ್ರ ಬಲ್ಲವರೊಬ್ಬರು ಹೇಳಲಿ ಎನ್ನುತ್ತಾರೆ.

ಕಿವಿ ಇನ್ನೂ ನೆಟ್ಟಗಿರುವ,
ತಮ್ಮ ವಿಶ್ವಾಸಿ,
ಹಿನಾಕೌಸರ

ತಾ.ಕ.: ಪತ್ರ ಮಡಚುವಷ್ಟರಲ್ಲಿ ತಪಾಸಣೆಗೆಂದು ತಮ್ಮ ಕಂಪನಿಯ ಎಂಜಿನಿಯರೊಬ್ಬರೇ ಬಂದರು. ಬಾಗಿಲಲ್ಲೇ ನಿಂತು, ಗಡಗಡ ಸದ್ದನ್ನು ಕಣ್ಣು ಮುಚ್ಚಿ ಆಲಿಸಿ, ಹೆಚ್ಚಿಸಿದ ಶಕ್ತಿ ಕೇಳಿದರೇ ಗೊತ್ತಾಗುತ್ತದೆಂದು ಅಬ್ಬಾನ ಭುಜ ತಟ್ಟಿ, ಎಲ್ಲ ಸರಿಯಿದೆಯೆಂದು ಸಹಿ ಹಾಕಿ ಹೋದರು. ತಮ್ಮ ಯಂತ್ರದ ಸ್ವಿಚ್ಚನ್ನು ನಾವಿನ್ನೂ ಹಾಕಿರಲಿಲ್ಲ.